ಪದ ಬೇಕು, ಅರ್ಜೆಂಟ್: ಸಮುದ್ರದ ಮೇಲೆ ಕಟ್ಟುವ ಊರಿಗೆ ಏನನ್ನೋಣ?

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ ವಸ್ತುಪ್ರದರ್ಶನ ಇದೆ. ಒಂದು ಮಳಿಗೆ ‘ಸೀಸ್ಟೆಡ್ಡಿಂಗ್’ ಬಗ್ಗೆ. ಅಂದರೆ ಸಮುದ್ರದಲ್ಲಿ, ಆದಷ್ಟೂ ಯಾವ ಸರ್ಕಾರದ ಕೈಗೂ ಸಿಗದ ಹಾಗೆ, ಜನ ಕಾಯಮ್ಮಾಗಿ ಇರುವುದಕ್ಕೆ ಊರು ಕಟ್ಟುವುದು. 2008ರಲ್ಲಿ ಅಮೆರಿಕದಲ್ಲಿ ಪ್ಯಾಟ್ರಿ ಫ್ರೀಡ್‌ಮನ್ ಮತ್ತು ವೇಯ್ನ್ ಗ್ರಾಮ್‌ಲಿಕ್ ಇದಕ್ಕೆಂದೇ ಒಂದು ಸಂಸ್ಥೆ ಶುರು ಮಾಡಿದರು. ಅಲ್ಲಿನ ದೊಡ್ಡ ಹೂಡಿಕೆದಾರ ಪೀಟರ್ ಥೀಲ್ ದುಡ್ಡು ಹಾಕಿದರು. ನಾವು ಮೂರು ಮಾದರಿ ಇಡುತ್ತೇವೆ. ಹಳೇ ಹಡಗನ್ನೇ ಊರು ಮಾಡಿಕೊಳ್ಳುವುದು ಒಂದು. ಕಂಬ ನಿಲ್ಲಿಸಿ ಮೇಲೆ ಅಟ್ಟ ಕಟ್ಟುವುದು ಇನ್ನೊಂದು. ತೇಲುವ ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹರಡುವುದು ಮೂರನೆಯದು. ನೋಡಲು ಬಂದವರು ಯಾವುದು ಸರಿ ಅಂತ ಚೀಟಿ ಬರೆದು ಡಬ್ಬಿಗೆ ಹಾಕಬೇಕು.

ಈಗಿರುವ ತಲೆಬರಹ ಇದು: ‘ಸಾಗರ ವಸಾಹತು ನಿರ್ಮಾಣ ಕಾರ್ಯತಂತ್ರಗಳ ಕುರಿತು ಸಮುದಾಯದ ಅಭಿಪ್ರಾಯ ಸಂಗ್ರಹಣೆ’. ಓದಿ ನನಗೇ ಸುಸ್ತಾಯಿತು. ಬರುವವರಲ್ಲಿ ಹೈಸ್ಕೂಲ್ ಮಕ್ಕಳೇ ಜಾಸ್ತಿ. ಬೋರ್ಡು ಎಂಟು ಅಡಿ ಅಗಲ, ಅಷ್ಟೇ.

ಚಿಂತಾಮಣಿಯಿಂದ:

‘ವಸಾಹತು’ ಬೇಡ. ಮರಾಠಿಯಿಂದ ಬಂದದ್ದು. ಅದೂ ಅಲ್ಲದೆ ನಮ್ಮ ಮಕ್ಕಳು ಆ ಪದ ಕೇಳಿರುವುದು ಇತಿಹಾಸದ ಪಾಠದಲ್ಲಿ, ಬ್ರಿಟಿಷರ ಹೆಸರಿನ ಪಕ್ಕ. ‘ಸಾಗರ’ವೂ ಬೇಡ. ನಮಗೆ ಕಡಲು ಇದೆ. ಅದಕ್ಕೂ ಗಂಭೀರವಾದದ್ದು ಬೇಕಾದರೆ ಹಳಗನ್ನಡದ ಮುನ್ನೀರು ಇದೆ. ‘ಮುನ್ನೀರೂರು’ ಅಂತ ಹಾಕಿ. ಮುಗಿಯಿತು.

ಗುಬ್ಬಿಯಿಂದ:

ಮುನ್ನೀರೂರು. ಐದು ಸಲ ಜೋರಾಗಿ ಹೇಳಿ ನೋಡಿ ಸರ್. ಆಮೇಲೆ ಮಾತಾಡೋಣ.

ಇನ್ನೊಂದು. ‘ಸಮುದಾಯ’ ತೆಗೆದುಬಿಡಿ. ನಮ್ಮ ಕಡೆ ಸಮುದಾಯ ಅಂದರೆ ಜಾತಿ. ಬೀದಿಗೊಂದು ಸಮುದಾಯ ಭವನ ಇದೆ, ಹೊರಗೆ ಹೆಸರೂ ಬರೆದಿರುತ್ತದೆ. ಸಮುದ್ರದ ಬಗ್ಗೆ ಯಾವ ಸಮುದಾಯದ ಅಭಿಪ್ರಾಯ ಅಂತ ಕೇಳಿದರೆ ಏನು ಹೇಳುತ್ತೀರಿ? ‘ಕಾರ್ಯತಂತ್ರ’ ಟೆಂಡರ್ ಪ್ರಕಟಣೆಗೆ ಸರಿ. ‘ಹೇಗೆ ಕಟ್ಟೋಣ? ನೀವೇ ಹೇಳಿ’ ಅಂದರೆ ಸಾಲದಾ?

ಕ್ಯಾತ್ಸಂದ್ರದಿಂದ:

ಬೆಳಿಗ್ಗೆ ತಟ್ಟೆ ಇಡ್ಲಿಗೆ ಕಾಯುತ್ತಾ ಹೋಟೆಲಿನ ಬೋರ್ಡು ನೋಡುತ್ತಿದ್ದೆ. ನಮ್ಮೂರ ಹೆಸರು ಒಬ್ಬ ಕ್ಯಾತ್ಸಂದ್ರ ಅಂತ ಬರೆದಿದ್ದಾನೆ, ಪಕ್ಕದವನು ಕ್ಯಾತಸಂದ್ರ. ಆ ‘ಸಂದ್ರ’ ಯಾವುದು ಗೊತ್ತಲ್ವಾ? ಸಮುದ್ರವೇ. ಬೊಮ್ಮಸಂದ್ರ, ಸಿಂಗಸಂದ್ರ ಎಲ್ಲ ಅದೇ ಸಾಲು. ಕೆರೆ ಕಟ್ಟಿಸಿದವರು ದೊಡ್ಡದಾಗಿ ಸಮುದ್ರ ಅಂತ ಕರೆದರು. ಕೆರೆಯ ಹೆಸರು ಊರಿಗೆ ಬಂತು. ಜನರ ಬಾಯಲ್ಲಿ ಸವೆದು ಸಂದ್ರ ಆಯಿತು. ಕೋಲಾರದ ಲಕ್ಷ್ಮೀಸಾಗರ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ನೀರು, ಮೊದಲು ಬಂದು ಬಿದ್ದದ್ದು ಆ ಕೆರೆಗೆ. ನೀರಿಲ್ಲದ ವರ್ಷಗಳಲ್ಲೂ ಅದು ಸಾಗರವೇ.

ಸಮುದ್ರವನ್ನೇ ನೋಡದ ಜಿಲ್ಲೆಗಳಲ್ಲಿ ಊರಿಗೆಲ್ಲ ಸಮುದ್ರದ ಹೆಸರಿಟ್ಟವರು ನಾವು. ಈಗ ಸಮುದ್ರದಲ್ಲೇ ಊರಾಗುತ್ತಿದೆ ಅಂದರೆ ಪದ ಸಿಗಲ್ಲ ಅಂತೀರಲ್ಲ! ನನ್ನದು ‘ತೇಲಸಂದ್ರ’.

ಚಿಂತಾಮಣಿಯಿಂದ:

ಕೆರೆಗೂ ಸಮುದ್ರ, ಸಮುದ್ರಕ್ಕೂ ಸಮುದ್ರ ಅಂದರೆ ಪದಕ್ಕೆ ಬೆಲೆ ಏನು? ಆಗದು.

ಮುಳಬಾಗಿಲಿನಿಂದ:

ತೆಪ್ಪ ಇದೆಯಲ್ಲ. ಕಲ್ಯಾಣಿಯಲ್ಲಿ ತೆಪ್ಪೋತ್ಸವ ನೋಡದ ಮಕ್ಕಳಿಲ್ಲ. ನಾಲ್ಕು ಪೀಪಾಯಿ ಕಟ್ಟಿ, ಹಲಗೆ ಹಾಸಿ, ಮೇಲೆ ದೇವರು, ಪೂಜಾರಿ, ನಾದಸ್ವರದವರು, ಜನರೇಟರ್ ಎಲ್ಲ. ತೇಲುವ ಊರು ಅಂದರೆ ಅದಕ್ಕಿಂತ ಹೆಚ್ಚೇನು? ‘ತೆಪ್ಪೂರು’.

ಗುಬ್ಬಿಯಿಂದ:

ತೆಪ್ಪಗಿರಿ ಸರ್. ಬೇಜಾರಾಗಬೇಡಿ, ಬಾಯಿಗೆ ಬಂದುಬಿಟ್ಟಿತು.

ಶಿಡ್ಲಘಟ್ಟದಿಂದ:

ಇಂಗ್ಲಿಷಿನ ಪದ ಹುಟ್ಟಿದ್ದು ಎಲ್ಲಿಂದ ಅಂತ ಯಾರೂ ನೋಡುತ್ತಿಲ್ಲ. ‘ಹೋಮ್‌ಸ್ಟೆಡ್’ ಅಚ್ಚಿನಲ್ಲಿ ಎರಕ ಹೊಯ್ದದ್ದು ಇದು. ಅಮೆರಿಕದಲ್ಲಿ 1862ರಲ್ಲಿ ಒಂದು ಕಾಯ್ದೆ ಬಂತು. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿ, ಐದು ವರ್ಷ ಇದ್ದು, ಉತ್ತು ಬಿತ್ತಿದವನಿಗೆ 160 ಎಕರೆವರೆಗೆ ಅವನದೇ. ನಾನು ಕಂದಾಯ ಇಲಾಖೆಯಲ್ಲಿ ಸವೆದವನು. ಇದಕ್ಕೆ ನಮ್ಮಲ್ಲಿ ಹತ್ತಿರದ ಪದ ಒಂದೇ, ಬಗರ್‌ಹುಕುಂ. ಅಪ್ಪಣೆ ಇಲ್ಲದೆ ಸರ್ಕಾರಿ ಜಮೀನು ಉಳುವುದು. ‘ಕಡಲ ಬಗರ್‌ಹುಕುಂ’ ಅನ್ನಿ. ಅದನ್ನು ಸಕ್ರಮ ಮಾಡಿಸಲು ನಮೂನೆ 50, 53, 57ರ ಅರ್ಜಿ ಹಿಡಿದುಕೊಂಡು ತಾಲ್ಲೂಕು ಕಚೇರಿ ಸುತ್ತಿದವರ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಮಾಷೆಗೆ ಹೇಳುತ್ತಿಲ್ಲ. ಸಮುದ್ರದಲ್ಲೂ ತಕರಾರು ಅದೇ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ದೇಶದ್ದು. 200ರವರೆಗೆ ಅಲ್ಲಿನ ಮೀನು, ಎಣ್ಣೆ ಎಲ್ಲ ಆ ದೇಶದ ಹಕ್ಕು. ಅಲ್ಲಿ ಕೃತಕ ದ್ವೀಪ ಕಟ್ಟುವುದಕ್ಕೂ ಅದರ ಅಪ್ಪಣೆಯೇ ಬೇಕು. 1982ರ ಸಮುದ್ರ ಕಾನೂನು ಒಪ್ಪಂದ ನೋಡಿ, ಕೃತಕ ದ್ವೀಪಕ್ಕೆ ದ್ವೀಪದ ಸ್ಥಾನವೇ ಇಲ್ಲ. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ಹತ್ತಿರ ಒಂದು ಜೋಡಿ, 12 ಮೈಲಿ ದಾಟಿದ್ದೇವೆ ಅನ್ನುವ ಧೈರ್ಯದಲ್ಲಿ ಒಂದು ಪುಟ್ಟ ತೇಲುಮನೆಯಲ್ಲಿ ಸಂಸಾರ ಹೂಡಿದರು. ಏಪ್ರಿಲ್‌ನಲ್ಲಿ ಅಲ್ಲಿನ ನೌಕಾಪಡೆ ಬಂದು ಕಿತ್ತುಕೊಂಡು ಹೋಯಿತು. ಒತ್ತುವರಿ ತೆರವು, ಇನ್ನೇನು.

ಚಿಂತಾಮಣಿಯಿಂದ:

ವಿಷಯ ಚೆನ್ನಾಗಿದೆ, ಪದ ಅಲ್ಲ. ಮರಾಠಿ ಬೇಡ ಅಂದರೆ ಪಾರ್ಸಿ ತಂದಿರಿ. ಎರವಲು ಬೇರೆ, ಗುಲಾಮಗಿರಿ ಬೇರೆ.

ಸಿರಾದಿಂದ:

‘ಗುಲಾಮಗಿರಿ’ ಯಾವ ಭಾಷೆಯದು ಮೇಷ್ಟ್ರೇ? ನಿಮ್ಮ ಮೊದಲ ಕಾಗದದ ‘ಪದ’, ‘ಪಾಠ’, ‘ಇತಿಹಾಸ’? ಅಷ್ಟೇಕೆ, ಊರಿನ ಹೆಸರೇ ಚಿಂತಾಮಣಿ ಇಟ್ಟುಕೊಂಡು ಕಡಲಿಗೆ ಮಡಿ ಮಾಡುತ್ತೀರಲ್ಲ!

ಬಾಗೇಪಲ್ಲಿಯಿಂದ:

ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನಾವು ದಿನಾ ಎರವಲಲ್ಲೇ ಬದುಕುವವರು, ಏನೂ ಆಗಿಲ್ಲ. ತೆಲುಗಿನಲ್ಲಿ ಹಡಗಿಗೆ ‘ಓಡ’ ಅಂತೀವಿ. ಹಳಗನ್ನಡದಲ್ಲೂ ದೋಣಿಗೆ ಓಡ ಇತ್ತು. ಅದು ಯಾರು ಯಾರಿಗೆ ಕೊಟ್ಟ ಸಾಲ?

ಚಿಂತಾಮಣಿಯಿಂದ:

ಯಾರೂ ಯಾರಿಗೂ ಕೊಟ್ಟಿಲ್ಲ. ಒಂದೇ ತಾಯಿಯ ಒಡವೆ. ಅದನ್ನೇ ನಾನು ಹೇಳುತ್ತಿರುವುದು. ಮನೆಯಲ್ಲಿ ಇದ್ದದ್ದು ಬಿಟ್ಟು ಬೀದಿಗೆ ಹೋಗುವುದು ಯಾಕೆ?

ತುಮಕೂರಿನಿಂದ:

ಮೇಷ್ಟ್ರೇ, ಸರ್, ಎಲ್ಲರೂ. ಜಗಳ ಪ್ರದರ್ಶನ ಮುಗಿದ ಮೇಲೆ ಮುಂದುವರಿಸೋಣ. ಸದ್ಯ ನನ್ನ ಮನಸ್ಸು ‘ಕಡಲ ನೆಲೆ’ ಕಡೆ ಇದೆ. ಯಾರಿಗಾದರೂ ಅಡ್ಡಿ ಇದೆಯಾ?

ತಿಪಟೂರಿನಿಂದ:

ಇದೆ. ಕಾರವಾರದಲ್ಲಿ ಆರು ವರ್ಷ ಇದ್ದೆ. ‘ಕದಂಬ ನೌಕಾನೆಲೆ’ ಅಂತ ಪೇಪರಿನಲ್ಲಿ ದಿನಾ ಬರುತ್ತದೆ. ‘ಕಡಲ ನೆಲೆ’ ಅಂದರೆ ಮಕ್ಕಳು ಯುದ್ಧದ ಹಡಗು ಹುಡುಕುತ್ತಾರೆ.

ಕೋಲಾರದಿಂದ:

ನನಗೆ ಅಡ್ಡಿ ಬೇರೆ. ‘ನೆಲೆ’ಗೆ ನೀರಲ್ಲಿ ಇನ್ನೊಂದು ಅರ್ಥ ಇದೆ, ಪೇಟೆಯವರು ಮರೆತಿದ್ದಾರೆ.

ನಾವು ಚಿಕ್ಕವರಿದ್ದಾಗ ಕೆರೆ ತುಂಬಿದ ವರ್ಷ ಈಜಲು ಹೋಗುತ್ತಿದ್ದೆವು. ತೂಬಿನ ಹತ್ತಿರ ಹೋದರೆ ದಡದ ಮೇಲಿಂದ ಅಜ್ಜ ಕೂಗುತ್ತಿದ್ದರು, ‘ಲೇ, ಅಲ್ಲಿ ನೆಲೆ ಇಲ್ಲ, ಈಚೆ ಬರ್ರೋ!’ ನೆಲೆ ಅಂದರೆ ಕಾಲಿಗೆ ಸಿಗುವ ತಳ. ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈ ಮೇಲೆತ್ತಿ ಮುಳುಗುತ್ತಿದ್ದೆವು. ಬೆರಳ ತುದಿ ನೀರಿನ ಮೇಲೆ ಕಂಡರೆ ಒಂದಾಳು ಜಾಸ್ತಿ ಇಲ್ಲ ಅಂತ ಲೆಕ್ಕ. ಕೈಯೂ ಕಾಣದಿದ್ದರೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ.

ಕಡಲಲ್ಲಿ ನೆಲೆ ಇಲ್ಲ. ಇಲ್ಲ ಅನ್ನುವುದೇ ಅದರ ಗುಣ. ಅಲ್ಲಿ ಊರು ಕಟ್ಟಿ ‘ನೆಲೆ’ ಅನ್ನುವುದು ನನ್ನ ಕಿವಿಗೆ ಸುಳ್ಳು.

ಮಧುಗಿರಿಯಿಂದ:

ಕೋಲಾರದವರ ಮಾತು ಸರಿ. ಹಾಗಾದರೆ ‘ಬೀಡು’ ಯಾಕೆ ಆಗಬಾರದು? ಕೆಡುಗೆ ಕೇಡು, ಪಡುಗೆ ಪಾಡು, ಹಾಗೇ ಬಿಡುಗೆ ಬೀಡು. ಗಂಟುಮೂಟೆ ಬಿಟ್ಟು ಕೂತ ಜಾಗ. ನಾಳೆ ಎತ್ತಿಕೊಂಡು ಹೋಗಲೂಬಹುದು. ಫ್ರೀಡ್‌ಮನ್ ವಾದವೂ ಅದೇ ತಾನೇ? ಅಲ್ಲಿನ ಆಡಳಿತ ಹಿಡಿಸದಿದ್ದರೆ ಮನೆಯ ಕೊಂಡಿ ಬಿಚ್ಚಿ, ತೇಲಿಸಿಕೊಂಡು ಬೇರೆ ಕಡೆ ಹೋಗಿ ಸೇರಿಕೊಳ್ಳಿ ಅನ್ನುತ್ತಾರೆ. ನೆಲೆ ನಿಂತದ್ದು. ಬೀಡು ಬಿಟ್ಟದ್ದು, ಎದ್ದು ಹೋಗಬಲ್ಲದ್ದು. ‘ತೇಲುಬೀಡು’ ಅನ್ನಬಹುದು.

ತುಮಕೂರಿನಿಂದ:

ಬೀಡು ಹಿಡಿಸಿತು. ಆದರೆ ‘ತೇಲು’ ಕಷ್ಟ. ಮಳಿಗೆಯಲ್ಲಿ ಸೀಲ್ಯಾಂಡ್ ಚಿತ್ರ ಇದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಸಮುದ್ರದಲ್ಲಿ ಕಟ್ಟಿದ ಕೋಟೆ. ಎರಡು ದಪ್ಪ ಕಂಬ, ಮೇಲೊಂದು ಅಟ್ಟ. 1967ರಲ್ಲಿ ರಾಯ್ ಬೇಟ್ಸ್ ಅನ್ನುವವರು ಅದನ್ನು ಹಿಡಿದುಕೊಂಡು ನನ್ನದೇ ದೇಶ ಅಂತ ಸಾರಿದರು. ಇಟಲಿಯ ರೋಸ್ ಐಲ್ಯಾಂಡ್ ಕೂಡ ಕಂಬದ್ದೇ. 1968ರಲ್ಲಿ ಸ್ವತಂತ್ರ ಅಂತ ಹೇಳಿಕೊಂಡಿತು, ಮರುವರ್ಷವೇ ಇಟಲಿ ಸಿಡಿಮದ್ದು ಇಟ್ಟು ಕೆಡವಿತು. ಇವು ಯಾವುವೂ ತೇಲಲಿಲ್ಲ. ಆದ್ದರಿಂದ ‘ಕಡಲ ಬೀಡು’.

ಚಿಂತಾಮಣಿಯಿಂದ:

ಕಡೆಗೆ ದಾರಿಗೆ ಬಂದಿರಿ. ಆದರೆ ಸಂಧಿ ತಪ್ಪು. ನೆಲೆ ಮತ್ತು ಬೀಡು ಸೇರಿದರೆ ನೆಲೆವೀಡು. ಹಾಗೆಯೇ ಇದು ‘ಕಡಲವೀಡು’. ಬಕಾರಕ್ಕೆ ವಕಾರ ಆಗಲೇಬೇಕು.

ಗುಬ್ಬಿಯಿಂದ:

ಹಳೇಬೀಡಿಗೆ ಹೋಗಿ ಹೇಳಿ ಸರ್. ಬಸ್ಸಿನ ಬೋರ್ಡು ಇನ್ನೂ ತಿದ್ದಿಲ್ಲ ಅವರು.

ಚಿಂತಾಮಣಿಯಿಂದ:

ಊರ ಹೆಸರು ವ್ಯಾಕರಣ ಅಲ್ಲ.

ಕ್ಯಾತ್ಸಂದ್ರದಿಂದ:

ಇದನ್ನೇ ನಾನು ಸಂದ್ರಕ್ಕೆ ಹೇಳಿದಾಗ ಯಾರೂ ಕೇಳಲಿಲ್ಲ.

ಶಿಡ್ಲಘಟ್ಟದಿಂದ:

ಪದ ಏನಾದರೂ ಇಡಿ. ಮೂರು ಮಾದರಿಯ ಪಕ್ಕ ನಾಲ್ಕನೆಯ ದಾರಿಯೂ ಬರೆಯಿರಿ: ಯಾವುದಾದರೂ ದೇಶದ ಒಪ್ಪಿಗೆ ಪಡೆದು ಅದರ ದಡದ ಹತ್ತಿರವೇ ಕಟ್ಟುವುದು. 2017ರ ಜನವರಿಯಲ್ಲಿ ಈ ಸಂಸ್ಥೆಯವರು ಫ್ರೆಂಚ್ ಪಾಲಿನೇಷ್ಯಾ ಸರ್ಕಾರದ ಜೊತೆ ಹಾಗೆ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅಲ್ಲಿನ ಜನ ನಮ್ಮ ಮೀನು, ನಮ್ಮ ನೀರು ಅಂತ ತಕರಾರು ತೆಗೆದರು. ಮರುವರ್ಷದ ಹೊತ್ತಿಗೆ ಅದು ಬಿದ್ದುಹೋಯಿತು. ನೀವು ‘ಅಭಿಪ್ರಾಯ’ ಅಂತೀರಲ್ಲ, ಅದನ್ನು ಕೇಳಬೇಕಾದದ್ದು ಅಲ್ಲಿ, ದಡದಲ್ಲಿ ಇರುವವರನ್ನು. ಮಳಿಗೆಯಲ್ಲಿ ಮಕ್ಕಳನ್ನು ಕೇಳುವುದೂ ಇರಲಿ ಬಿಡಿ.

ತುಮಕೂರಿನಿಂದ:

ನಾಲ್ಕನೆಯದನ್ನೂ ಸೇರಿಸಿದೆ. ಥ್ಯಾಂಕ್ಸ್ ಸರ್. ಕೊನೆಗೆ ಕೊಟ್ಟದ್ದು: ‘ಕಡಲ ಬೀಡು: ಹೇಗೆ ಕಟ್ಟೋಣ? ನೀವೇ ಹೇಳಿ’.

ಅರ್ಧ ಗಂಟೆಗೆ ಫ್ಲೆಕ್ಸ್ ಅಂಗಡಿಯಿಂದ ವಾಟ್ಸಾಪಿನಲ್ಲಿ ನಮೂನೆ ಬಂತು. ನೀಲಿ ಸಮುದ್ರ, ಅಲೆ, ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ‘ಕಡಲೆ ಬೀಡು’. ಫೋನ್ ಮಾಡಿದೆ. ಹುಡುಗ ಪಾವಗಡದವನು. ‘ಕಡಲೆಕಾಯಿ ಪ್ರದರ್ಶನ ಅನ್ಕೊಂಡೆ ಸಾರ್, ಸಮುದ್ರ ಯಾಕೆ ಹಾಕಿಸ್ತಿದ್ದಾರೆ ಅಂತ ನನಗೂ ಡೌಟ್ ಬಂತು’ ಅಂದ. ತಿದ್ದಿಸಿದೆ.

ಪಾವಗಡದಿಂದ:

ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ಕಡಲೆ ದಿನಾ ಕಾಣುತ್ತದೆ.

ಚಿಂತಾಮಣಿಯಿಂದ:

ಕಡಲವೀಡು ಅಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ತುಮಕೂರಿನಿಂದ:

ಮೇಷ್ಟ್ರೇ, ಡಬ್ಬಿಯ ಮೇಲೆ ‘ಚೀಟಿ ಇಲ್ಲಿ ಹಾಕಿ’ ಅಂತ ಆಗಲೇ ಅಂಟಿಸಿಯಾಗಿದೆ. ಚೀಟಿ ಎಲ್ಲಿಂದ ಬಂತು ಅನ್ನುವುದನ್ನು ದಯವಿಟ್ಟು ಸೋಮವಾರ ಹೇಳಿ.