ಮೆಲ್ಬರ್ನ್ ಕಪ್ ರಜೆಯ ಹಿಂದಿನ ಸೋಮವಾರ ಕೆಲಸ ಮಾಡಲೇಬೇಕೇ?

ಪ್ರಶ್ನೆ (ಬದಿಯಡ್ಕದಿಂದ):

ಮೆಲ್ಬರ್ನ್‌ನ ಗ್ರಾಹಕರ ಲೆಕ್ಕಪತ್ರ ಹಾಗೂ ಸಂಬಳದ ಕೆಲಸವನ್ನು ಇಲ್ಲಿಂದ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ನಾನು ಮನೆಯಿಂದಲೇ ದುಡಿಯುತ್ತಿದ್ದೇನೆ. ನವೆಂಬರ್‌ನ ಮೊದಲ ಮಂಗಳವಾರ ಅಲ್ಲಿ ಕುದುರೆ ಪಂದ್ಯಕ್ಕಾಗಿ ಸಾರ್ವಜನಿಕ ರಜೆ ಇರುವುದರಿಂದ ಅಂದು ನಮಗೂ ರಜೆ. ಈ ಸಲ ಅದರ ಹಿಂದಿನ ಸೋಮವಾರವೇ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವಗಳಿಗೆ ಸಲ್ಲಿಸುವ ತಂಬಿಲ ಸೇವೆಯಿದೆ. ಗ್ರಾಹಕರ ಕಚೇರಿಯವರಲ್ಲಿ ಅನೇಕರು ಸೋಮವಾರವೂ ರಜೆ ಹಾಕಿ ಶನಿವಾರದಿಂದ ನಾಲ್ಕು ದಿನ ಊರು ಬಿಡುತ್ತಾರೆ. ನಮ್ಮ ತಂಡದ ಮುಖ್ಯಸ್ಥರು ಮಾತ್ರ ಅಂದು ಯಾರೂ ರಜೆ ಕೇಳಬಾರದೆಂದು ಈಗಲೇ ಹೇಳಿಬಿಟ್ಟಿದ್ದಾರೆ. ಹಾಗೆ ಹೇಳಲು ಅವರಿಗೆ ಅಧಿಕಾರವಿದೆಯೇ? ಅಷ್ಟಕ್ಕೂ ಅರ್ಧ ಕಚೇರಿ ಖಾಲಿ ಇರುವ ದಿನ ನಮಗೆ ಕೆಲಸವಾದರೂ ಏನು?

ಉತ್ತರ 1 (ಮಂಜೇಶ್ವರದಿಂದ):

ಇದೇ ಕೆಲಸವನ್ನು ಕೆಲವು ವರ್ಷ ಮಾಡಿದವನಾದ್ದರಿಂದ ಹೇಳುತ್ತೇನೆ: ಕೆಲಸ ಇರುವುದೇ ಆ ಸೋಮವಾರ. ಅಲ್ಲಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಂಬಳ ಕೊಡುವ ಸಂಸ್ಥೆಗಳೇ ಹೆಚ್ಚು. ಮಂಗಳವಾರ ಸಿದ್ಧಪಡಿಸಬೇಕಾದ ಸಂಬಳದ ಪಟ್ಟಿ ಸೋಮವಾರವೇ ಹೋಗದಿದ್ದರೆ ಬುಧವಾರ ಬೈಗುಳ ತಪ್ಪದು. ಪಟ್ಟಿಯಲ್ಲೂ ತೊಡಕುಗಳಿವೆ. ಮಂಗಳವಾರ ಮಾಮೂಲಾಗಿ ಕೆಲಸವಿರುವ ಕಾಯಂ ನೌಕರನಿಗೆ ಕೆಲಸ ಮಾಡದಿದ್ದರೂ ಆ ದಿನದ ಮೂಲ ಸಂಬಳ ಸಲ್ಲಬೇಕು, ಕ್ಯಾಶುವಲ್ ನೌಕರನಿಗೆ (ಕಾಯಂ ಅಲ್ಲದೆ, ಕರೆದಾಗ ಬಂದು ದುಡಿಯುವವನಿಗೆ) ಸಲ್ಲುವುದಿಲ್ಲ. ಸೋಮವಾರ ಮತ್ತು ಮಂಗಳವಾರ ಎರಡಕ್ಕೂ ರಜೆ ಅರ್ಜಿ ಹಾಕಿದವನ ವಾರ್ಷಿಕ ರಜೆಯಿಂದ ಸೋಮವಾರವನ್ನಷ್ಟೇ ಕಳೆಯಬೇಕು. ಎರಡು ದಿನ ಕಳೆದುಬಿಡುವುದು ಹೊಸಬರು ತಪ್ಪದೆ ಮಾಡುವ ತಪ್ಪು. ಮೇಲಾಗಿ ಇದು ಇಡೀ ಆಸ್ಟ್ರೇಲಿಯಾದ ರಜೆಯಲ್ಲ. ಸಿಡ್ನಿಯಲ್ಲಿ ಅಂದು ಎಂದಿನಂತೆ ಕೆಲಸ ನಡೆಯುತ್ತದೆ. 2023ರಲ್ಲಂತೂ ಅಲ್ಲಿನ ರಿಸರ್ವ್ ಬ್ಯಾಂಕ್ ಬಡ್ಡಿದರವನ್ನು ಶೇ. 4.35ಕ್ಕೆ ಏರಿಸಿದ್ದು ಕಪ್ ದಿನವೇ, ಪಂದ್ಯಕ್ಕೆ ಅರ್ಧ ಗಂಟೆ ಮೊದಲು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಒಳನಾಡಿನ ಕೆಲವು ಸ್ಥಳೀಯಾಡಳಿತಗಳು ಸಹ ಕಪ್ ದಿನದ ಬದಲು ಬೇರೆ ದಿನ ರಜೆ ಇಟ್ಟುಕೊಳ್ಳುತ್ತವೆ. ಆದ್ದರಿಂದ ಯಾವ ನೌಕರ ಎಲ್ಲಿ ಕೆಲಸ ಮಾಡುತ್ತಾನೆಂಬುದನ್ನು ನೋಡದೆ ಪಟ್ಟಿ ಮುಗಿಸುವಂತಿಲ್ಲ.

ಉತ್ತರ 2 (ಕಾಸರಗೋಡಿನಿಂದ):

ಅಧಿಕಾರದ ಪ್ರಶ್ನೆಗೆ ಉತ್ತರ ನಿಮ್ಮ ನೇಮಕಾತಿ ಪತ್ರದಲ್ಲಿದೆ, ಮೆಲ್ಬರ್ನ್‌ನಲ್ಲಿಲ್ಲ. ಅಲ್ಲಿನ ನೌಕರನ ವಾರ್ಷಿಕ ರಜೆಯನ್ನು ಮಾಲೀಕ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲವೆಂಬ ನಿಯಮ ಇಲ್ಲಿ ಕುಳಿತು ದುಡಿಯುವ ನಿಮಗೆ ಅನ್ವಯಿಸದು. ಆಲಪ್ಪುಳದಲ್ಲಿ ನೆಹರೂ ಟ್ರೋಫಿ ದೋಣಿ ಸ್ಪರ್ಧೆಗೆ ಜಿಲ್ಲಾಧಿಕಾರಿ ಕೊಡುವ ರಜೆ ನಮ್ಮ ಜಿಲ್ಲೆಗೆ ಬರುವುದಿಲ್ಲವಷ್ಟೆ? ಕಪ್ ರಜೆಯೂ ಹಾಗೆಯೇ. ನಿಮಗೆ ಮಂಗಳವಾರ ಸಿಗುತ್ತಿರುವುದು ಸಂಸ್ಥೆ ತನ್ನ ರಜಾಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡಿರುವುದರಿಂದ. ಸೋಮವಾರ ಬೇಕಿದ್ದರೆ ಕಾರಣವನ್ನು ನಿಜವಾಗಿ ಬರೆದು ಈಗಲೇ ಅರ್ಜಿ ಕೊಡಿ. ಅಂದು ಬೆಳಿಗ್ಗೆ ಜ್ವರವೆಂದು ಫೋನು ಮಾಡಿದರೆ ಮುಖ್ಯಸ್ಥರು ಹೇಗೂ ನಂಬುವುದಿಲ್ಲ.

ಉತ್ತರ 3 (ಕುಂಬಳೆಯಿಂದ):

ಅಲ್ಲಿ ಗಡಿಯಾರವನ್ನು ಅಕ್ಟೋಬರ್‌ನ ಮೊದಲ ಭಾನುವಾರ ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ನವೆಂಬರ್‌ನಲ್ಲಿ ಅವರ ಸಂಜೆ ಐದು, ಅಂದರೆ ಅವರೊಂದಿಗೆ ನಿಮ್ಮ ಕೆಲಸವೂ ಮುಗಿಯುವ ಹೊತ್ತು, ನಮಗೆ ಬೆಳಗಿನ ಹನ್ನೊಂದೂವರೆ. ತಂಬಿಲ ಸಂಜೆಯದ್ದಾದರೆ ಪೂರ್ತಿ ದಿನದ ರಜೆ ಏಕೆ? ಪಟ್ಟಿಗೆ ಒಪ್ಪಿಗೆ ಕೊಡುವ ಗ್ರಾಹಕರು ಸೋಮವಾರ ಸಿಗುವುದಿಲ್ಲವಾದ್ದರಿಂದ ಆ ಒಪ್ಪಿಗೆಯನ್ನು ಶುಕ್ರವಾರವೇ ತರಿಸಿಟ್ಟುಕೊಳ್ಳುವುದಾಗಿ ಹೇಳಿ, ಕೊನೆಯ ಎರಡು ಗಂಟೆಗಳನ್ನಷ್ಟೇ ಕೇಳಿ ನೋಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ತಂಬಿಲ ಸಂಜೆಯದ್ದೇ, ಆದರೆ ಅಡುಗೆಗೆ ಹತ್ತು ಗಂಟೆಗೇ ಕೈ ಬೇಕೆಂದು ದೊಡ್ಡಮ್ಮ ಹೇಳಿದ್ದರು. ಒಂಬತ್ತೂವರೆಗೆ ಬಿಡುವಂತೆ ಮುಖ್ಯಸ್ಥರಿಗೆ ಬರೆದೆ. ಶುಕ್ರವಾರವೇ ಎಲ್ಲ ಒಪ್ಪಿಗೆಗಳೂ ಬಂದಿರಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದಾರೆ.