ಡಿಸೇಬಲ್ ಮಾಡಿದರೂ ಮತ್ತೆ ಏಳುವ ಸರ್ವಿಸ್‌ಗೆ ಏನು ಮಾಡಲಿ?

ಪ್ರಶ್ನೆ: ಸರ್, ನನ್ನದು ಹಳೆಯ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, ಉಬುಂಟು 22.04 (ಲಿನಕ್ಸ್). ಮನೆಯಲ್ಲಿ ಪ್ರಿಂಟರೇ ಇಲ್ಲ, ಆದರೂ ಪ್ರಿಂಟಿಂಗ್‌ನ ಕಪ್ಸ್ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡುತ್ತಲೇ ಇರುತ್ತದೆ. ಡಿಸೇಬಲ್ ಮಾಡಿದೆ, ಸ್ಟಾಪ್ ಕೂಡ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಎದ್ದು ಕೂತಿದೆ! ಅದರ ಫೈಲನ್ನೇ ಅಳಿಸಿಬಿಡಲಾ?

ಉತ್ತರ: ಅಳಿಸಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಆ ಫೈಲ್ ವಾಪಸ್ ಬರುತ್ತದೆ, ನಿಮ್ಮ ಕೆಲಸ ದಂಡ.

ಡಿಸೇಬಲ್ ಅಂದರೆ ‘ಬೂಟ್ ಆದಾಗ ತಾನಾಗೇ ಬರಬೇಡ’ ಅಂತ ಅಷ್ಟೇ. ‘ಯಾರಾದರೂ ಕರೆದರೂ ಬರಬೇಡ’ ಅಂತ ಅಲ್ಲ. ಕಪ್ಸ್ ಅನ್ನು ಕರೆಯುವವರು ಮೂವರಿದ್ದಾರೆ. ಮೊದಲನೆಯದು ಕಪ್ಸ್.ಸಾಕೆಟ್. ಯಾವುದಾದರೂ ಆ್ಯಪ್ ಪ್ರಿಂಟರ್ ಇದೆಯಾ ಅಂತ ವಿಚಾರಿಸಿದರೆ ಸಾಕು, ಇದು ಕಪ್ಸ್ ಅನ್ನು ಎಬ್ಬಿಸುತ್ತದೆ. ಎರಡನೆಯದು ಕಪ್ಸ್.ಪಾತ್. ಇದು ಒಂದು ಫೈಲ್ ಮೇಲೆ ಕಣ್ಣಿಟ್ಟು, ಅದು ಕಂಡರೆ ಕಪ್ಸ್ ಅನ್ನು ಎಬ್ಬಿಸುತ್ತದೆ. ನೀವು ಸ್ಟಾಪ್ ಕೊಟ್ಟಾಗ ಇವೆರಡರ ಹೆಸರು ಹೇಳಿ ಒಂದು ವಾರ್ನಿಂಗ್ ಬಂದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ, ನಾನೂ ಎಷ್ಟೋ ವರ್ಷ ಓದಿರಲಿಲ್ಲ! ಮೂರನೆಯದು ಕಪ್ಸ್-ಬ್ರೌಸ್ಡ್, ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್ ಹುಡುಕುವ ಸರ್ವಿಸ್. ಇದಕ್ಕೆ ಕಪ್ಸ್ ಬೇಕೇ ಬೇಕು. ಹಾಗಾಗಿ ಬೂಟ್ ಆದಾಗ ಇದು ಬಂದರೆ ಜೊತೆಗೆ ಅದನ್ನೂ ಎಳೆದುಕೊಂಡು ಬರುತ್ತದೆ.

ನಿಮಗೆ ಬೇಕಾಗಿರುವುದು ಮಾಸ್ಕ್. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಹೊಡೆಯಿರಿ:

sudo systemctl mask --now cups.socket cups.path cups-browsed.service cups.service

‘ನೌ’ ಬಿಡಬೇಡಿ. ಬಿಟ್ಟರೆ ಈಗ ಓಡುತ್ತಿರುವುದು ಓಡುತ್ತಲೇ ಇರುತ್ತದೆ. ಮಾಸ್ಕ್ ಮಾಡಿದಾಗ ಇಟಿಸಿ ಒಳಗಿನ ಸಿಸ್ಟಮ್‌ಡಿ ಫೋಲ್ಡರ್‌ನಲ್ಲಿ ಅದೇ ಹೆಸರಿನ ಒಂದು ಲಿಂಕ್ ಹುಟ್ಟುತ್ತದೆ. ಅದು ತೋರಿಸುವುದು ಡೆವ್-ನಲ್ ಕಡೆಗೆ, ಅಂದರೆ ಖಾಲಿ ಜಾಗಕ್ಕೆ. ಇನ್ನು ಯಾರು ಕರೆದರೂ ಸಿಗುವುದಿಲ್ಲ. ಅಪ್‌ಡೇಟ್ ಬಂದರೂ ಈ ಲಿಂಕ್ ಉಳಿಯುತ್ತದೆ. ನಾಳೆ ಪ್ರಿಂಟರ್ ತಂದರೆ ಇದೇ ನಾಲ್ಕಕ್ಕೆ ಅನ್‌ಮಾಸ್ಕ್ ಕೊಡಿ, ಆಮೇಲೆ ಎನೇಬಲ್ ಮಾಡಿ.

ಒಂದು ಮಾತು. ಕಪ್ಸ್ ತಿನ್ನುವುದು ಕೆಲವೇ ಎಂಬಿ. ಲ್ಯಾಪ್‌ಟಾಪ್ ಇದರಿಂದ ಓಡೋಡಿ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ. ಲಾಭ ಬೇರೆ ಕಡೆ ಇದೆ. ಅಪ್‌ಡೇಟ್ ಆಗದ ಸಿಸ್ಟಮ್‌ನಲ್ಲಿ ಕಪ್ಸ್-ಬ್ರೌಸ್ಡ್ ಯುಡಿಪಿ 631ನೇ ಪೋರ್ಟ್ (ನೆಟ್‌ವರ್ಕ್‌ನಿಂದ ಒಳಬರುವ ಬಾಗಿಲು) ತೆರೆದು ಕೂರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ದೊಡ್ಡ ಭದ್ರತಾ ಲೋಪ ಹೊರಬಿತ್ತು. ಪ್ರಿಂಟರ್ ಇಲ್ಲದವರು ಅದನ್ನು ಮುಚ್ಚುವುದೇ ಒಳ್ಳೆಯದು.

ಮರುಪ್ರಶ್ನೆ: ಆಯ್ತು ಸರ್, ಈಗ ಏಳುತ್ತಿಲ್ಲ. ಪಿಡಿಎಫ್ ಸೇವ್ ಮಾಡಲು ತೊಂದರೆ ಇಲ್ಲ ಅಲ್ವಾ? ಇನ್ನೊಂದು, ಟ್ರ್ಯಾಕರ್-ಮೈನರ್ ಅಂತ ಒಂದು ಸರ್ವಿಸ್ ಸಿಪಿಯು ತಿನ್ನುತ್ತಿದೆ. ಅದನ್ನೂ ಹೀಗೇ ಮಾಡಹೋದರೆ ಆಗುತ್ತಿಲ್ಲ.

ಉತ್ತರ: ಫೈರ್‌ಫಾಕ್ಸ್‌ನಿಂದ ಪಿಡಿಎಫ್ ಸೇವ್ ಮಾಡಲು ಕಪ್ಸ್ ಬೇಡ, ಆರಾಮಾಗಿರಿ. ಟ್ರ್ಯಾಕರ್ ಅಂದರೆ ಹುಡುಕಾಟಕ್ಕೆ ಫೈಲ್‌ಗಳ ಪಟ್ಟಿ (ಇಂಡೆಕ್ಸ್) ಮಾಡುವ ಸರ್ವಿಸ್. ಅದು ಓಡುವುದು ನಿಮ್ಮ ಲಾಗಿನ್ ಹೆಸರಲ್ಲಿ, ರೂಟ್ (ಸಿಸ್ಟಮ್‌ನ ಅಡ್ಮಿನ್) ಹೆಸರಲ್ಲಲ್ಲ. ಅದಕ್ಕೇ ಸುಡೊ ಹಾಕಿದರೆ ಸಿಗುವುದಿಲ್ಲ. ಸುಡೊ ತೆಗೆದು ಯೂಸರ್ ಸೇರಿಸಿ:

systemctl --user mask --now tracker-miner-fs-3.service

ಆದರೆ ಫೈಲ್ಸ್ ಆ್ಯಪ್‌ನಲ್ಲಿ ಫೈಲಿನ ಒಳಗಿನ ಪದ ಹುಡುಕುವುದು ನಿಂತುಹೋಗುತ್ತದೆ. ಅದನ್ನು ಬಳಸುವವರಾದರೆ ಮಾಸ್ಕ್ ಬೇಡ. ಒಂದು ರಾತ್ರಿ ಚಾರ್ಜರ್ ಹಾಕಿ ಬಿಡಿ. ಮೊದಲ ಸಲದ ಇಂಡೆಕ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ಅದೇ ಸುಮ್ಮನಾಗುತ್ತದೆ.