ಸಹಾಯ ಬೇಕು: ಮರ ಕಡಿಯುವಾಗ ಪಕ್ಕದ ಮನೆಯವರ ಗಲಾಟೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮರ ಕಡಿಯುವ, ಕೊಂಬೆ ಸವರುವ ಕೆಲಸ ಮಾಡುತ್ತೇನೆ. ಜೊತೆಗೆ ಮೂವರು ಹುಡುಗರಿದ್ದಾರೆ.

ಮೊನ್ನೆ ಒಂದು ಮನೆಯಲ್ಲಿ ಒಣಗಿದ ಬೇವಿನ ಮರ ತೆಗೆಯುತ್ತಿದ್ದೆವು. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಅಧಿಕಾರಿಯ ಅನುಮತಿಯನ್ನು ಮನೆಯವರು ಮೊದಲೇ ತಗೊಂಡಿದ್ದರು, ಅದರ ಜೆರಾಕ್ಸ್ ನನ್ನ ಜೇಬಲ್ಲೇ ಇತ್ತು. ಹುಡುಗ ಮೇಲೆ ಬೆಲ್ಟ್ ಹಾಕಿಕೊಂಡು ದಪ್ಪ ಕೊಂಬೆಯೊಂದನ್ನು ಮುಕ್ಕಾಲು ಪಾಲು ಕೊಯ್ದಿದ್ದ, ಕೆಳಗೆ ನಾವು ಹಗ್ಗ ಬಿಗಿಹಿಡಿದು ನಿಂತಿದ್ದೆವು, ಅಷ್ಟರಲ್ಲಿ ಪಕ್ಕದ ಮನೆ ಯಜಮಾನರು ಸೀದಾ ಆ ಕೊಂಬೆ ಕೆಳಗೇ ಬಂದು ನಿಂತು, ಮೊದಲು ಕೆಲಸ ನಿಲ್ಲಿಸಿ ಅಂತ ಕೂಗಾಡಿದರು. ಒಣಗಲು ಹಾಕಿದ ಬಟ್ಟೆ ಮೇಲೆ ಮರದ ಪುಡಿ ಬಿತ್ತಂತೆ. ಪೇಪರ್ ತೋರಿಸಿದರೆ ನೋಡಲೇ ಇಲ್ಲ. ಹಗ್ಗ ಜಾರಿದ್ದರೆ ಏನು ಗತಿ? ನನ್ನ ಕೈ ಇನ್ನೂ ನಡುಗುತ್ತದೆ.

ಸಂಜೆ ಮತ್ತೆ ಬಂದು, ಕಾರಿಗೆ ಗೀರು ಬಿದ್ದಿದೆ, 8,000 ರೂಪಾಯಿ ಕೊಡಿ ಅಂದರು. ಆ ಗೀರಿನೊಳಗೆ ಆಗಲೇ ತುಕ್ಕು ಹಿಡಿದಿತ್ತು. ಒಂದೇ ದಿನದಲ್ಲಿ ತುಕ್ಕು ಹಿಡಿಯಲ್ಲ ಅಲ್ವಾ? ಆದರೆ ಕೆಲಸಕ್ಕೆ ಮುಂಚೆ ನಾನು ಫೋಟೊ ತೆಗೆದಿರಲಿಲ್ಲ, ಅದು ನನ್ನದೇ ತಪ್ಪು.

ಬುಡ ಕಡಿಯುವುದು ಇನ್ನೂ ಬಾಕಿ ಇದೆ. ಈ ಕೆಲಸದಲ್ಲಿರುವ ಅಣ್ಣಂದಿರೇ, ಇಂಥವರ ಹತ್ತಿರ ಹೇಗೆ ಮಾತಾಡುತ್ತೀರಿ? ಹಿಂದಿನ ದಿನವೇ ಅಕ್ಕಪಕ್ಕದವರಿಗೆ ಹೇಳಿ ಸಹಿ ಹಾಕಿಸಿಕೊಳ್ಳುತ್ತೀರಾ? ಠಾಣೆಗೆ ಮೊದಲೇ ತಿಳಿಸಿಡಬೇಕಾ? ಭಾನುವಾರದೊಳಗೆ ಹೇಳಿದರೆ ತುಂಬಾ ಉಪಕಾರ ಆಗುತ್ತದೆ, ಸೋಮವಾರ ಮತ್ತೆ ಅಲ್ಲಿಗೇ ಹೋಗಬೇಕು.